ಎರಡರಿಂದ ಏಳಕ್ಕೆ

ಸವಿತಾ, ಆ ಮೊಟ್ಟೆಗಳನ್ನು ಕೊಂದವಳು ನಾನು. ನೀನಲ್ಲ. ನಿನ್ನ ಮುಟ್ಟಲ್ಲ, ರೇಷ್ಮೆ ಹುಳದ ಮನೆಯೊಳಗೆ ನೀನು ಇಟ್ಟ ಕಾಲಲ್ಲ. ನನ್ನ ಬಲಗೈಯ ಎರಡು ಬೆರಳು — ಫ್ರಿಜ್ಜಿನ ಗುಂಡಿಯನ್ನು ಎರಡರಿಂದ ಏಳಕ್ಕೆ ತಿರುಗಿಸಿದ ಬೆರಳು. ಐಸ್‌ಕ್ಯಾಂಡಿ ಬೇಗ ಗಟ್ಟಿಯಾಗಲಿ ಎಂದು.

ಇಷ್ಟು ಬರೆಯಲು ಎಂಟು ವರ್ಷ ಬೇಕಾಯಿತು. ಮುಂದಿನದನ್ನು ಬರೆಯುವಾಗ ನನ್ನನ್ನು ನಂಬಬೇಡ. ನಾನೂ ನಂಬುತ್ತಿಲ್ಲ. ಎಂಟು ವರ್ಷ ಒಂದೇ ನೆನಪನ್ನು ತಿಕ್ಕಿ ತೊಳೆದಿದ್ದೇನೆ — ಅದೀಗ ನನಗೆ ಅನುಕೂಲವಾಗುವಷ್ಟು ಹೊಳೆಯುತ್ತದೆ. ಎಲ್ಲಿ ಹೊಳಪು ಹೆಚ್ಚಿದೆಯೋ ಅಲ್ಲಿ ಸುಳ್ಳಿದೆ ಎಂದುಕೊಂಡು ಓದು.

ನೀನು ನನ್ನ ಮೈದುನ ಮಂಜನ ಕೈ ಹಿಡಿದು ಈ ಮನೆಗೆ ಬಂದ ಎರಡನೇ ಬೇಸಿಗೆ ಅದು. ದೊಡ್ಡಆಲಹಳ್ಳಿಯ ಕಡೆ ಆಗ ಎಲ್ಲರೂ ಚಾಕಿ ಹುಳುವನ್ನೇ, ಬೇರೆಯವರು ಮೊಟ್ಟೆಯೊಡೆಸಿ ಒಂದಿಷ್ಟು ಬೆಳೆಸಿ ಮಾರುವ ರೇಷ್ಮೆಯ ಮರಿಹುಳುವನ್ನೇ, ತಂದು ಸಾಕುತ್ತಿದ್ದರು. ನೀನು ಮಾತ್ರ, ಮಾಗಡಿಯ ತವರಿನಲ್ಲಿ ಅವ್ವನಿಂದ ಕಲಿತಿದ್ದೇನೆ, ಮೊಟ್ಟೆಯಿಂದಲೇ ಹುಳು ಎಬ್ಬಿಸುತ್ತೇನೆ ಎಂದು ಹಟ ಹಿಡಿದೆ. ಅತ್ತೆ ನಕ್ಕರು. "ನಿನ್ನೆ ಮೊನ್ನೆ ಬಂದೋಳು ನಮಗ್ ಹುಳ ಸಾಕೋದ್ ಕಲಿಸ್ತಾಳಂತೆ." ಮಂಜ ಮಾತ್ರ ನಿನ್ನ ಪರ ನಿಂತ. "ಒಂದ್ ಸಲ ನೋಡಾಣ ಬುಡವ್ವ." ಆ ಒಂದು ಸಲದ ಮೇಲೆ ನಿನ್ನ ಮಾತಿಗೆ ಈ ಮನೆಯಲ್ಲಿ ಬೆಲೆ ಬರುತ್ತದೋ ಇಲ್ಲವೋ ಎಂಬುದು ನಿಂತಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿತ್ತು ಎಂಬುದನ್ನು ಅಡಿಗೆರೆ ಎಳೆದು ಬರೆಯುತ್ತಿದ್ದೇನೆ.

ಮೊಟ್ಟೆ ಅಂಟಿದ ಹಾಳೆಗಳು ಬಂದ ದಿನ ಹುಳದ ಮನೆಗೆ ಹೊಡೆದ ಔಷಧಿಯ ಘಾಟು ಇನ್ನೂ ಹೋಗಿರಲಿಲ್ಲ. ಎರಡು ದಿನ ತಂಪಾಗಿ ಇಡಬೇಕು ಎಂದು ನೀನು ಅವನ್ನು ನನ್ನ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ, ಕೊತ್ತಂಬರಿ ಸೊಪ್ಪಿನ ಪಕ್ಕ ಇಟ್ಟೆ. ನನ್ನ ಫ್ರಿಜ್ಜು — ನೋಡು, ಎಷ್ಟು ಸಲೀಸಾಗಿ ಬಂತು ಆ ಮಾತು. ಅಪ್ಪ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಕೆಲಸದಲ್ಲಿ ದುಡಿದು ಮದುವೆಗೆ ಕೊಟ್ಟದ್ದು. ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಅದೊಂದೇ. ಅದರೊಳಗೆ ನಿನ್ನ ಹುಳದ ಮೊಟ್ಟೆ ಬಂದು ಕೂತಿತು.

"ಅಕ್ಕ, ಎರಡರಲ್ಲೇ ಇರ್ಲಿ ಗುಂಡಿ. ಒಸಿ ಜಾಸ್ತಿ ತಣ್ಣಗಾದ್ರೂ ಸತ್ತೋಯ್ತವೆ," ಎಂದೆ ನೀನು.

ನಾನು ಹೂಂ ಅಂದೆನೆ? ಒಂದು ನೆನಪಿನಲ್ಲಿ ಹೂಂ ಅಂದಿದ್ದೇನೆ. ಇನ್ನೊಂದರಲ್ಲಿ ಒಗ್ಗರಣೆ ಸಿಡಿಯುತ್ತಿತ್ತು, ನನಗೆ ಕೇಳಿಸಲೇ ಇಲ್ಲ. ಒಗ್ಗರಣೆಯನ್ನು ಆಮೇಲೆ ಸೇರಿಸಿದವಳು ನಾನೇ ಇರಬೇಕು.

ಅದೇ ದಿನ ನೀನು ನನ್ನನ್ನು ಹಿತ್ತಲಿಗೆ ಕರೆದು ಇನ್ನೊಂದು ಮಾತು ಹೇಳಿದೆ. "ಅಕ್ಕ, ನಾನ್ ಬೆಳಗ್ಗೆ ಆಚೆಗಾದೆ. ಅತ್ತೆಗ್ ಹೇಳ್ಬೇಡಿ. ನಾನ್ ಮೂಲೇಲ್ ಕೂತ್ರೆ ಮೊಟ್ಟೆ ಯಾರ್ ನೋಡ್ಕೋತಾರೆ?" ಮುಟ್ಟಾದ ಹೆಂಗಸು ಹುಳದ ಮನೆಯ ಹೊಸ್ತಿಲು ದಾಟಿದರೆ ಹುಳು ಕೆಡುತ್ತದೆ ಎಂಬುದು ಈ ಮನೆಯ ನಂಬಿಕೆ. ನಾನು ನಿನ್ನ ಕೆನ್ನೆ ತಟ್ಟಿ "ಹೇಳಲ್ಲ ಹೋಗು ಮಾರಾಯ್ತಿ" ಎಂದೆ. ಇದು ಮಾತ್ರ ಖಚಿತ. ಅಂಗೈಗೆ ನಿನ್ನ ಕೆನ್ನೆಯ ಬಿಸಿ ತಾಗಿದ್ದು ಇನ್ನೂ ಇದೆ.

ಆ ಬೇಸಿಗೆ ನನಗೆ ಐಸ್‌ಕ್ಯಾಂಡಿಯ ಹುಚ್ಚು ಹಿಡಿದಿತ್ತು. ನಿನಗೆ ನೆನಪಿರುತ್ತದೆ. ಐದು ವರ್ಷದ ನನ್ನ ಮಗಳು ಚಿನ್ನು ಅಂಗಡಿಯ ಬಣ್ಣದ ಐಸ್ ತಿಂದು ಕೆಮ್ಮುತ್ತಿದ್ದಳು, ಅದಕ್ಕೆ ಮನೆಯಲ್ಲೇ ಮಾಡತೊಡಗಿದೆ. ಸಣ್ಣ ಸ್ಟೀಲ್ ಲೋಟಗಳೇ ಅಚ್ಚು. ಅಪ್ಪ ತೆಳ್ಳಗೆ ಕಡೆದು ಕಳಿಸಿದ, ಬೊಂಬೆಗೆ ಬಳಸುವ ಆಲೆಮರದ ಕಡ್ಡಿಗಳು. ಮಾವಿನಕಾಯಿಗೆ ಉಪ್ಪು ಖಾರ ಹಾಕಿ ಒಂದು, ರಾಗಿ ಮಾಲ್ಟಿಗೆ ಬೆಲ್ಲ ಏಲಕ್ಕಿ ಹಾಕಿ ಒಂದು, ಮಜ್ಜಿಗೆಗೆ ಶುಂಠಿ ಹಾಕಿ ಒಂದು. ಅತ್ತೆ ರಾಗಿಯದನ್ನು ಚೀಪುತ್ತ "ಅಂಬ್ಲಿಗೆ ಕಡ್ಡಿ ಸಿಕ್ಸಿ ಕೊಡ್ತಾವ್ಳಲ್ಲಪ್ಪೋ" ಎಂದು ಬಯ್ಯುತ್ತಿದ್ದರು, ಇನ್ನೊಂದು ಕೇಳುತ್ತಿದ್ದರು. ಮಂಜ "ಅತ್ತಿಗೆ, ನಾಳೆ ಉಪ್ಸಾರಿಂದೂ ಒಂದ್ ಮಾಡ್ಬುಡಿ, ಮುದ್ದೆ ಜೊತೆ ಚೀಪ್ಕೋತೀನಿ" ಎಂದು ನಗಿಸುತ್ತಿದ್ದ. ಮಧ್ಯಾಹ್ನದ ಊಟದ ಮೇಲೆ ಎಲ್ಲರೂ ನನ್ನ ಕಡೆ ನೋಡುತ್ತಿದ್ದರು, ಇವತ್ತು ಏನು ಎಂದು. ಆ ನೋಟ —

ಆಮೇಲೆ ಮೊಟ್ಟೆ ಬಂತು. ಎಲ್ಲರೂ ನಿನ್ನ ಕಡೆ ನೋಡಿದರು.

ಇಲ್ಲ. ಹೊಟ್ಟೆಕಿಚ್ಚು ಎಂದು ಬರೆದುಬಿಟ್ಟರೆ ಕಥೆ ಸಲೀಸಾಗುತ್ತದೆ. ಹೊಟ್ಟೆಕಿಚ್ಚಿತ್ತೋ ಇಲ್ಲವೋ ನಿಜಕ್ಕೂ ಗೊತ್ತಿಲ್ಲ. ನನಗೆ ಗೊತ್ತಿರುವುದು ಕೈ ಮಾಡಿದ ಕೆಲಸ ಮಾತ್ರ. ಎರಡನೇ ದಿನ ಸಂಜೆ, ತೋಟದ ಬದುವಿನ ಗಿಡಗಳಿಂದ ಹಿಪ್ಪುನೇರಳೆ ಹಣ್ಣು ಕಿತ್ತು ತಂದು ಹಿಂಡಿದೆ. ರಸಕ್ಕೆ ನಿಂಬೆ, ಸಕ್ಕರೆ, ಚಿಟಿಕೆ ಮೆಣಸಿನ ಪುಡಿ. ಹೊಸ ರುಚಿ. ಯಾರೂ ಮಾಡಿರದ ರುಚಿ. ಕರೆಂಟು ಹೋಗಿ ಬಂದು ಹೋಗಿ ಬಂದು, ರಸ ನೀರಾಗಿಯೇ ಇತ್ತು. ನಾಳೆ ಎಲ್ಲರ ಮುಂದೆ ನೀರು ಇಡಲೆ? ಗುಂಡಿ ತಿರುಗಿಸಿದೆ. ಎರಡು, ಮೂರು, ನಾಲ್ಕು — ಟಕ್ ಟಕ್ ಎಂದು ಏಳಕ್ಕೆ ನಿಂತಿತು.

ಮರೆತು ತಿರುಗಿಸಿದೆ ಎಂದು ಎಂಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅದನ್ನೇ ಇಲ್ಲಿ ಬರೆದೂ ಇದ್ದೆ, ಈಗಷ್ಟೇ ಹೊಡೆದು ಹಾಕಿದೆ. ಯಾಕೆಂದರೆ ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸ ಆ ಗುಂಡಿಯನ್ನು ಮತ್ತೆ ಎರಡಕ್ಕೆ ತಂದು ನಿಲ್ಲಿಸಿದ್ದು. ಮರೆತವಳು ಹಾಗೆ ಮಾಡುವುದಿಲ್ಲ ಸವಿತಾ. ಕೆಳಗಿನ ಖಾನೆ ಎಳೆದೆ. ಕೊತ್ತಂಬರಿ ಸೊಪ್ಪು ಗಾಜಿನ ಹಾಗೆ ಸೆಟೆದಿತ್ತು, ಮುಟ್ಟಿದರೆ ಮುರಿಯಿತು. ಅದನ್ನು ಹಸುವಿನ ಬಾನಿಗೆ ಎಸೆದು ಬಂದೆ. ಪಕ್ಕದಲ್ಲಿದ್ದ ಹಾಳೆಗಳನ್ನು ಮುಟ್ಟಲಿಲ್ಲ. ಅವು ಹಾಗೇ ಇದ್ದವು, ಸಾಸಿವೆಗಿಂತ ಸಣ್ಣ ಚುಕ್ಕಿಗಳು, ಏನೂ ಆಗದವರ ಹಾಗೆ. ಏನೂ ಆಗಿಲ್ಲ ಎಂದುಕೊಂಡೆ.

ಆ ಮಧ್ಯಾಹ್ನ ನೀನು ಮೊಟ್ಟೆ ಹೊರತೆಗೆದು ಹುಳದ ಮನೆಯಲ್ಲಿ ಹರಡಿ, ಕರಿ ಬಟ್ಟೆ ಮುಚ್ಚಿ ಬಂದೆ. ಬಂದವಳಿಗೆ ನಾನೇ ನೇರಳೆ ಬಣ್ಣದ ಐಸ್‌ಕ್ಯಾಂಡಿ ಕೊಟ್ಟೆ. ಕಲ್ಲಿನಂತೆ ಗಟ್ಟಿಯಾಗಿತ್ತು. ನೀನು ಚೀಪಿ, ಚಿನ್ನುಗೆ ನಾಲಿಗೆ ಚಾಚಿ ಹೆದರಿಸಿದೆ. "ಅಕ್ಕ, ಇದು ಎಲ್ಲಕ್ಕಿಂತ ಚೆನ್ನಾಗೈತೆ ಕಣಕ್ಕ."

ಆಗ ಹೇಳಬಹುದಿತ್ತು. ನೀನು ಓಡಿ ಬೇರೆ ಮೊಟ್ಟೆ ತರುವಷ್ಟು ಸಮಯವಾದರೂ ಸಿಗುತ್ತಿತ್ತು. ನಾನು ನಿನ್ನ ನೇರಳೆ ನಾಲಿಗೆ ನೋಡಿ ನಗುತ್ತ ನಿಂತಿದ್ದೆ.

ಮರುದಿನ ಬಟ್ಟೆ ತೆಗೆದರೆ ಹುಳು ಎದ್ದಿರಲಿಲ್ಲ. ಅದರ ಮರುದಿನವೂ ಇಲ್ಲ. ಮೊಟ್ಟೆಗಳು ನಡುವೆ ಕುಳಿ ಬಿದ್ದು ಚಪ್ಪಟೆಯಾಗಿದ್ದವು. ನೀನು ಹಾಳೆ ಹಿಡಿದು ಅಂಗಳಕ್ಕೆ ಬಂದೆ. ಅತ್ತೆ, ಮಂಜ, ನಮ್ಮವರು, ನಾನು — ಎಲ್ಲರೂ ಇದ್ದೆವು. ನೀನು ನೇರ ನನ್ನನ್ನೇ ಕೇಳಿದೆ. ದನಿಯಲ್ಲಿ ಆರೋಪ ಇರಲಿಲ್ಲ.

"ಅಕ್ಕ, ಫ್ರಿಜ್ಜಿನ ಗುಂಡಿ ಯಾರಾನ ತಿರುಗ್ಸಿದ್ರಾ?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಮೆತ್ತಗೆ, ನಿನ್ನ ಒಳ್ಳೆಯದಕ್ಕೇ ಎಂಬಂತೆ, ಹೇಳಿದೆ:

"ನೀನು ಆಚೆಗಾಗಿದ್ದೆ ಅಲ್ವಾ ಸವಿತಾ? ಅತ್ತೆಗ್ ಹೇಳಿದ್ಯಾ?"

ಅಷ್ಟೇ. ಸುಳ್ಳು ಒಂದಕ್ಷರವೂ ಇಲ್ಲ. ಮಾತು ಬಾಯಿಂದ ಬಿದ್ದ ಮೇಲೆ ಅದನ್ನು ನಾನು ತಳ್ಳಬೇಕಾಗಿಯೂ ಬರಲಿಲ್ಲ, ತಾನಾಗಿ ಉರುಳಿತು. ಅತ್ತೆ ಎದೆ ಬಡಿದುಕೊಂಡರು. "ಅಯ್ಯೋ ಪಾಪಿ, ಆಚೆಗಾಗಿ ಹುಳದ ಮನೆಗ್ ಹೋಗಿದ್ಯೇನೇ? ಮನೆ ತೆಗ್ದ್ಬುಟ್ಯಲ್ಲೇ!" ಮಂಜ ಕೇಳಿದ, "ದಿಟವಾ?" ನೀನು ತಲೆ ಆಡಿಸಿದೆ — ದಿಟವೇ ಆಗಿತ್ತಲ್ಲ. ಅವನ ಮುಖ ನನ್ನ ಕಣ್ಣೆದುರೇ ಮುಚ್ಚಿಕೊಂಡಿತು.

"ಅಕ್ಕಾನೇ ಅತ್ತೆಗ್ ಹೇಳಲ್ಲ ಹೋಗು ಅಂದಿದ್ರು" ಎಂದು ನೀನು ಹೇಳಬಹುದಿತ್ತು. ನನ್ನನ್ನೂ ಎಳೆದುಕೊಳ್ಳಬಹುದಿತ್ತು. ನಾನದಕ್ಕೆ ತಯಾರಾಗಿ, ನಾನು ಹಾಗೆಲ್ಲ ಅಂದೇ ಇಲ್ಲ ಎಂಬ ಉತ್ತರ ಹಲ್ಲಿನ ಹಿಂದೆ ಇಟ್ಟುಕೊಂಡಿದ್ದೆ. ನೀನು ಹೇಳಲಿಲ್ಲ. ನನ್ನನ್ನು ನೋಡಿದೆ, ಅಷ್ಟೇ. ಆ ನೋಟದಲ್ಲಿ ಏನಿತ್ತು ಎಂದು ನಾನು ಬರೆದರೆ ಅದು ನನ್ನ ಕಲ್ಪನೆಯಾಗುತ್ತದೆ. ಬರೆಯುವುದಿಲ್ಲ.

ಒಂದು ತಿಂಗಳು ತವರಿನಲ್ಲಿದ್ದು ಬಾ ಎಂದು ಕಳಿಸಿದರು. ಮಂಜ ಕರೆಯಲು ಬರಲಿಲ್ಲ. ಮಾಗಡಿಯಿಂದ ನಿನ್ನ ಅಣ್ಣ ಎರಡು ಸಲ ಬಂದು ಜಗಲಿಯಲ್ಲಿ ಕೂತು ಹೋದರು. ಎರಡೂ ಸಲ ಅವರಿಗೆ ಕಾಫಿ ಕೊಟ್ಟವಳು ನಾನು. ಮೂರನೇ ವರ್ಷಕ್ಕೆ ಮಂಜನಿಗೆ ಬೇರೆ ಮದುವೆಯಾಯಿತು. ಅದರ ಅಡುಗೆಯ ಮೇಲ್ವಿಚಾರಣೆಯೂ ನನ್ನದೇ.

ಈಗ ನೀನು ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೀಯಂತೆ. ಅಲ್ಲೇ ದುಡಿಯುವ ನಮ್ಮವರು ಬಸ್ಸಿನ ಹತ್ತಿರ ನಿನ್ನನ್ನು ನೋಡಿ ಬಂದು ಹೇಳಿದರು. "ಚಿನ್ನು ಹೆಂಗವ್ಳೆ ಭಾವ?" ಎಂದು ಕೇಳಿದೆಯಂತೆ. ನನ್ನ ವಿಷಯ ಕೇಳಲಿಲ್ಲ.

ಚಿನ್ನು ಹೇಗಿದ್ದಾಳೆ ಎಂದು ಹೇಳುತ್ತೇನೆ. ಹೋದ ವಾರ ಮೈನೆರೆದಳು. ಅತ್ತೆ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದ ಮೊದಲ ಮಾತು ಇದು: "ಇನ್ಮೇಲೆ ಈ ದಿನಗಳಲ್ಲಿ ಹುಳದ ಮನೆ ಕಡೆ ತಲೇನೂ ಹಾಕ್ಬೇಡ ಕಣವ್ವ. ನಿನ್ ಸವಿತಾ ಚಿಕ್ಕಮ್ಮ ಹಂಗ್ ಮಾಡಿ ಏನಾಯ್ತು ಗೊತ್ತಲ್ಲ." ಆಮೇಲೆ ಮಗು ಅಡುಗೆಮನೆಗೆ ಬರದೆ ಬಾಗಿಲಲ್ಲೇ ನಿಂತು, ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತ ಕೇಳಿತು:

"ಅಮ್ಮಾ, ನಾನ್ ಮುಟ್ಟಿದ್ರೂ ಸಾಯ್ತವಾ?"

ಅವಳಿಗೆಂದು ಮಾಡುತ್ತಿದ್ದ ಐಸ್‌ಕ್ಯಾಂಡಿ. ಅವಳ ಕೈಗೆ ಬಂದು ಸೇರಿದ್ದು ಇದು.

ಹೇಳಿದೆ. ಗುಂಡಿ, ಕೊತ್ತಂಬರಿ ಸೊಪ್ಪು, ಅಂಗಳ, ಎಲ್ಲವನ್ನೂ. ಅವಳು ಪೂರ್ತಿ ಕೇಳಿಸಿಕೊಂಡು, ದೊಡ್ಡವರ ಹಾಗೆ ನಕ್ಕಳು. "ನಂಗೆ ಬೇಜಾರಾಗ್ಬಾರ್ದು ಅಂತ ಕಥೆ ಕಟ್ತಿದೀಯ. ನಿಜ ಆಗಿದ್ರೆ ಚಿಕ್ಕಮ್ಮಂಗೆ ಹೇಳಿರ್ತಿದ್ದೆ ತಾನೆ?"

ಇವತ್ತು ಬೆಳಿಗ್ಗೆ ಅತ್ತೆಗೆ, ಮಂಜನಿಗೆ, ನಮ್ಮವರಿಗೆ ಒಟ್ಟಿಗೆ ಹೇಳಿದೆ. ಮಂಜ ತಿಂಡಿಯ ತಟ್ಟೆ ಬಿಟ್ಟು ಎದ್ದು ಹೋದ. ನಮ್ಮವರು ಯಾರೋ ಪರಿಚಯವಿಲ್ಲದವಳನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಅತ್ತೆ, "ಆದ್ರೂ ಅವ್ಳು ಒಳಕ್ಕೋಗಿದ್ದು ದಿಟ ತಾನೆ?" ಎಂದರು. ನಾನು ಉರುಳಿಸಿದ ಮಾತು ಈಗ ನನ್ನ ಕೈಗೂ ನಿಲ್ಲುವುದಿಲ್ಲ. ನಾನೇ ಅಡ್ಡ ನಿಂತರೂ ನನ್ನ ಮೇಲೆ ಹಾಯ್ದು ಹೋಗುತ್ತದೆ, ನನ್ನ ಮಗಳ ಕಡೆಗೆ.

ಕ್ಷಮೆ ಕೇಳುತ್ತಿಲ್ಲ. ಕೇಳಿದರೆ ನೀನು ಕೊಡಬೇಕೋ ಬೇಡವೋ ಎಂಬ ಕಷ್ಟವನ್ನೂ ನಿನಗೇ ಹೊರಿಸಿದಂತಾಗುತ್ತದೆ. ನಿನ್ನ ಎಂಟು ವರ್ಷ, ನಿನ್ನ ಮನೆ, ನೀನು ಎಬ್ಬಿಸಬೇಕಿದ್ದ ಹುಳು — ಇವುಗಳಲ್ಲಿ ಒಂದನ್ನೂ ನಾನು ವಾಪಸ್ ತಂದುಕೊಡಲಾರೆ. ಈ ಕಾಗದ ನಮ್ಮವರ ಕೈಯಲ್ಲಿ ನಾಳೆ ಬರುತ್ತದೆ. ಶನಿವಾರ ನಿನ್ನ ಕೆಲಸ ಬಿಡುವ ಹೊತ್ತಿಗೆ ನಾನು ಬಸ್ಸಿನ ಹತ್ತಿರ ನಿಂತಿರುತ್ತೇನೆ. ಚಿನ್ನು ಜೊತೆಗಿರುತ್ತಾಳೆ. ಅವಳಿಗೆ ಕೇಳಿಸುವ ಹಾಗೆ, ನಿನ್ನ ಮುಖ ನೋಡಿ ಹೇಳುತ್ತೇನೆ. ನೀನು ನಿಲ್ಲಬೇಕಾಗಿಲ್ಲ, ಉತ್ತರ ಕೊಡಬೇಕಾಗಿಲ್ಲ. ನೀನು ಬಸ್ಸು ಹತ್ತಿದರೆ ಕಿಟಕಿಯ ಹೊರಗಿನಿಂದ ಹೇಳುತ್ತೇನೆ, ಬಸ್ಸು ಹೊರಡುವ ತನಕ — ಈ ಕಾಗದದ ಮೊದಲ ಸಾಲಿನಿಂದ.