ಘಂಟಾಗಾಡಿಯ ರಾಗ

ಮಿರಜದಲ್ಲಿ ಮನೆಮನೆಯ ಕಸ ಒಯ್ಯುವ ಗಾಡಿಗೆ ಘಂಟಾಗಾಡಿ ಅಂತ ಹೆಸರು. ಗಂಟೆ ಹೋಗಿ ಭೋಂಗಾ, ಅಂದರೆ ಧ್ವನಿವರ್ಧಕ, ಬಂದು ವರ್ಷಗಳಾದವು, ಹೆಸರು ಮಾತ್ರ ಹಾಗೇ ಉಳಿದಿದೆ. ಹಸಿ ಕಸ ಬೇರೆ ಕೊಡಿ, ಒಣ ಕಸ ಬೇರೆ ಕೊಡಿ ಅನ್ನುವ ಮರಾಠಿ ಹಾಡು ಬೆಳಗಿನ ಏಳಕ್ಕೆ ಶುರುವಾದರೆ ಮಧ್ಯಾಹ್ನ ಒಂದರವರೆಗೆ ನಿಲ್ಲುವುದಿಲ್ಲ. ಓಣಿಯವರಿಗೆ ಅದು ಎರಡು ನಿಮಿಷದ ಕಾಟ. ಗಾಡಿಯ ಹಿಂದೆ ನಿಂತು ಬಕೆಟ್ ಸುರುವುವ ಅಂಜನಾಬಾಯಿಗೆ ಆರು ವರ್ಷದ ಕಾಟ. ಅದನ್ನು ಬರೆದ ಪುಣ್ಯಾತ್ಮ ಒಂದು ದಿನವಾದರೂ ಆ ಭೋಂಗಾದ ಕೆಳಗೆ ನಿಂತಿದ್ದರೆ ಎರಡನೆಯ ಸಾಲು ಬರೆಯುತ್ತಿರಲಿಲ್ಲ.

ಅಂಜನಾಬಾಯಿ ಇಂಡಿ ಕಡೆಯವಳು. ಗಂಡ ದಶರಥನ ಜೊತೆ ದುಡಿಯಲು ಬಂದವಳು ಇಲ್ಲೇ ನೆಲೆ ನಿಂತಳು. ಅವನು ಹಮಾಲ, ಸಿಮೆಂಟ್ ಚೀಲ ಹೊರುವವನು. ಹಾಡ್ಯಾಡಿ ಅಳುವುದರಲ್ಲಿ ಅವಳನ್ನು ಮೀರಿಸುವವರಿಲ್ಲ ಎಂದು ಓಣಿಯಲ್ಲಿ ಹೆಸರಿತ್ತು. ಊರ ಕಡೆಯ ಪದ್ಧತಿ ಅದು. ಹೆಣ ಎತ್ತುವ ಮೊದಲು ಹೆಂಗಸರು ಒಬ್ಬರ ಕೊರಳಿಗೆ ಒಬ್ಬರು ಬಿದ್ದು, ಸತ್ತವರ ಒಂದೊಂದೇ ಗುಣ ಎತ್ತಿ, ರಾಗ ಎಳೆದು ಅಳಬೇಕು. ಅಂಜನಾಬಾಯಿ ಬಾಯಿ ತೆಗೆದರೆ ಬೀಡಿ ಸೇದುತ್ತ ದೂರ ನಿಂತ ಗಂಡಸರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಸತ್ತವರ ಗುರುತು ನೆಟ್ಟಗೆ ಇಲ್ಲದಿದ್ದರೂ ಅಳುತ್ತಿದ್ದಳು ಮಹಾತಾಯಿ.

ದಶರಥ ಚೀಲದ ಕೆಳಗೆ ಕುಸಿದು, ಹನ್ನೊಂದು ದಿನ ದವಾಖಾನೆಯಲ್ಲಿದ್ದು, ಮಂಗಳವಾರ ನಸುಕಿನಲ್ಲಿ ಹೋದ. ಡಾಕ್ಟರು ಹೇಳುವಾಗ ಅಂಜನಾಬಾಯಿಗೆ ಅವರ ತುಟಿ ಅಲುಗುವುದಷ್ಟೇ ಕಂಡಿತು. ತಲೆಯೊಳಗೆ ಭೋಂಗಾ ಹಾಡುತ್ತಿತ್ತು. ಹಸಿ ಬೇರೆ, ಒಣ ಬೇರೆ. ಅವಳು ಹೂಂ ಅಂದಳು, ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತಿದಳು, ಮಂಚದ ಕೆಳಗಿಂದ ಅವನ ಚಪ್ಪಲಿ ತೆಗೆದು ಚೀಲಕ್ಕೆ ಹಾಕಿಕೊಂಡಳು. ಅಳು ಬರಲಿಲ್ಲ. ಎದೆಯಲ್ಲಿ ದುಃಖ ಇದೆಯೋ ಇಲ್ಲವೋ, ಅದೂ ತಿಳಿಯಲಿಲ್ಲ. ಜೋಮು ಹಿಡಿದ ಕಾಲನ್ನು ಮುಟ್ಟಿದ ಹಾಗಿತ್ತು.

ಅವನನ್ನು ಮನೆಯ ಮುಂದೆ ಮಲಗಿಸಿದರು. ಅವನ ಅಕ್ಕ ಕೃಷ್ಣವ್ವ ಇಂಡಿಯಿಂದ ಬಂದ ಮೇಲೇ ಎತ್ತುವುದೆಂದಾಯಿತು. ಹೆಂಗಸರು ಸುತ್ತ ಕುಳಿತು ಅಂಜನಾಬಾಯಿಯ ಬಾಯಿಯನ್ನೇ ನೋಡುತ್ತಿದ್ದರು. ಒಬ್ಬಳು ನೀರು ಕುಡಿಸಿದಳು. ಇನ್ನೊಬ್ಬಳು, ಅತ್ತುಬಿಡು, ಹಗುರಾಗುತ್ತದೆ ಎಂದಳು. ಮಗಳು ಕಾಂಚನ ಬಾಗಿಲಿಗೆ ಒರಗಿ ಸದ್ದಿಲ್ಲದೆ ಅಳುತ್ತಿದ್ದಳು. ಮರಾಠಿ ಶಾಲೆಯಲ್ಲಿ ಓದಿದ ಹುಡುಗಿ, ಹಾಡ್ಯಾಡಿ ಅಳಲು ಬಾರದು. ಅವಳಿಂದ ಅದನ್ನು ಯಾರೂ ಕೇಳಲೂ ಇಲ್ಲ.

ಹನ್ನೆರಡರ ಹೊತ್ತಿಗೆ ಕೃಷ್ಣವ್ವ ಬಂದಳು. ಓಣಿಯ ತುದಿಯಿಂದಲೇ ತಮ್ಮನನ್ನು ಕರೆಯುತ್ತ ಬಂದು, ಅವನ ಎದೆಯ ಮೇಲೆ ಬಿದ್ದು, ಗಂಟಲು ಕಟ್ಟುವವರೆಗೆ ಅತ್ತಳು. ಆಮೇಲೆ ಅಂಜನಾಬಾಯಿಯ ಕೊರಳಿಗೆ ಬಿದ್ದು ಕಾದಳು. ಇವಳಿಂದ ಒಂದು ಸೊಲ್ಲೂ ಹೊರಡಲಿಲ್ಲ.

“ಮಂದಿ ಗಂಡಂದ್ರಿಗೆ ಹಾಡ್ಯಾಡಿ ಅತ್ತಾಕಿ ನೀ. ನನ್ನ ತಮ್ಮಗ ಒಂದ ಮಾತ ಇಲ್ಲೇನ?”

ಮಾತು ನಾಟಿತು. ಊರವರು ಏನಂದುಕೊಂಡರೂ ಅಂಜನಾಬಾಯಿಗೆ ನಡೆಯುತ್ತಿತ್ತು. ದಶರಥ ಮಾತ್ರ ತನ್ನ ಬಾಯಿಂದ ಒಂದು ಮಾತೂ ಕೇಳದೆ ಹೋಗುವಂತಾಗಬಾರದು. ಅವಳು ಹಳೆಯ ರಾಗಕ್ಕಾಗಿ ತಡಕಾಡಿದಳು. ಒಳಗೆ ಇದ್ದದ್ದು ಒಂದೇ ರಾಗ. ಅದನ್ನೇ ಹಿಡಿದು, ಸಾವಕಾಶ, ಉದ್ದಕ್ಕೆ ಎಳೆದಳು.

“ಚಾದಾಗ ಖಾರಿ ಬಿಸ್ಕೀಟ ಅದ್ದಿ ನನಗ ಮದಲ ಕೊಡತಿದ್ಯಲ್ಲೋ ನನ್ನ ದೊರಿಯೇ... ಚೀಲ ಹೊತ್ತ ಬೆನ್ನ ಮ್ಯಾಲ ಮಗಳನ್ನ ಹೊತ್ತ ಸಾಲಿಗಿ ಒಯ್ದ್ಯಲ್ಲೋ...”

ಹೆಂಗಸರೆಲ್ಲ ಗೋಳೋ ಎಂದರು. ಕೃಷ್ಣವ್ವ ಮತ್ತೆ ಬಿಕ್ಕಿದಳು. ಅಂಜನಾಬಾಯಿ ಗಂಡನ ಒಂದು ಗುಣವನ್ನೂ ಬಿಡಲಿಲ್ಲ, ಪಟ್ಟಿ ಓದಿದಂತೆ ಎಲ್ಲವನ್ನೂ ಹೇಳಿ ಮುಗಿಸಿದಳು. ನಡುವೆ ಕಾಂಚನ ಒಬ್ಬಳೇ ತಲೆ ಎತ್ತಿ ತಾಯಿಯ ಮುಖ ನೋಡಿದಳು. ಎಷ್ಟು ಎಳೆದರೇನು, ಆ ರಾಗ ಅವಳಿಗೆ ಗೊತ್ತು.

ದಶರಥನನ್ನು ಎತ್ತಿಕೊಂಡು ಹೋದರು. ಹೆಂಡತಿ ಅಂದರೆ ಹೀಗೆ ಅಳಬೇಕು ಎನ್ನುತ್ತ ಹೆಂಗಸರು ಸ್ನಾನಕ್ಕೆದ್ದರು. ಕೃಷ್ಣವ್ವನಿಗೂ ಸಮಾಧಾನವಾಗಿತ್ತು. ಕಾಂಚನ ತಾಯಿಯ ಪಕ್ಕಕ್ಕೆ ಸರಿದು, ತನ್ನ ಅರೆಬರೆ ಕನ್ನಡದಲ್ಲಿ ಮೆಲ್ಲಗೆ ಅಂದಳು:

“ಆಯೀ, ನೀ ಅಳಲೇ ಇಲ್ಲ.”

“ಇಲ್ಲ,” ಎಂದಳು ಅಂಜನಾಬಾಯಿ. “ನಿಮ್ಮಪ್ಪಗ ಹೇಳಬ್ಯಾಡ.”