ಎರಡನೆಯ ಪಂದ್ಯ ಕಲ್ಯಾಣದುರ್ಗದಲ್ಲಿ

ಹೋದ ವಾರ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಬಾಬಿನ್ ಹುಡುಕುತ್ತಿದ್ದೆ. ಬೆರಳಿಗೆ ಬೆಲ್ಲ ಅಂಟಿತು. ರವಿಕೆ ಬಟ್ಟೆಯ ಚೂರಿನಲ್ಲಿ ಸುತ್ತಿಟ್ಟಿದ್ದ ನಿಂಬೆಗಾತ್ರದ ಬೆಲ್ಲ ಒಂದು ವರ್ಷದಲ್ಲಿ ಕರಗಿ, ಬಟ್ಟೆಗೂ ಮರಕ್ಕೂ ಹಿಡಿದುಕೊಂಡಿತ್ತು. ಅದನ್ನು ಅಲ್ಲಿಟ್ಟವಳು ನನ್ನ ಗೆಳತಿ ಗಂಗರತ್ನ. ಅವಳು ನಮ್ಮ ಮನೆಗೆ ಕೊನೆಯ ಸಲ ಬಂದ ಭಾನುವಾರ ಅದು. ಆವತ್ತು ನಮಗೆ ಅದು ಬರೀ ಮ್ಯಾಚಿನ ಭಾನುವಾರವಾಗಿತ್ತು.

ಬೆಲ್ಲಕ್ಕೂ ಮ್ಯಾಚಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಹ್ಯಾಂಡ್‌ಬಾಲ್ ಆಡುವವರು ಚೆಂಡು ಕೈಜಾರದಂತೆ ಬೆರಳಿಗೆ ಒಂದು ಬಗೆಯ ಅಂಟು ಹಚ್ಚಿಕೊಳ್ಳುತ್ತಾರೆ. ಹಿಂದೂಪುರದ ಹೈಸ್ಕೂಲಿನಲ್ಲಿ ನಾವು ಆಡುವಾಗ ಆ ಅಂಟನ್ನು ಕಂಡವರಿರಲಿಲ್ಲ. ಆದರೆ ಊರಿನ ಮಂಡಿಯ ತುಂಬ ಬೆಲ್ಲವಿತ್ತು. ಗಂಗರತ್ನ ದಾವಣಿಯ ಸೆರಗಿನಲ್ಲಿ ಒಂದು ಚೂರು ಕಟ್ಟಿಕೊಂಡು ಬಂದು, ಎಂಜಲು ಮಾಡಿ ಬೆರಳಿಗೆ ಉಜ್ಜಿಕೊಳ್ಳುತ್ತಿದ್ದಳು. ಚೆಂಡು ಅಂಟುತ್ತಿತ್ತು, ನಿಜ. ಸ್ವಲ್ಪ ಹೊತ್ತಿಗೆ ಇರುವೆಗಳೂ ಅಂಟುತ್ತಿದ್ದವು. ಅವಳು ಎಸೆಯುವವಳು, ನಾನು ಗೋಲ್‌ಕೀಪರು. ಹಾಗಾಗಿ ಚೆಂಡೂ ಇರುವೆಯೂ ಕೊನೆಗೆ ಬಂದು ಸೇರುತ್ತಿದ್ದುದು ನನ್ನ ಹತ್ತಿರ.

ಹ್ಯಾಂಡ್‌ಬಾಲಿನ ಗೋಲ್‌ಕೀಪರಿನ ಬದುಕೇ ಬೇರೆ. ಒಂದು ಪಂದ್ಯದಲ್ಲಿ ಇಪ್ಪತ್ತೈದು, ಮೂವತ್ತು ಗೋಲು ಹೋಗುತ್ತವೆ. ಮೂರರಲ್ಲಿ ಒಂದು ತಡೆದರೆ ಅವಳು ಒಳ್ಳೆಯವಳು. ಉಳಿದ ಎರಡನ್ನು ಬಲೆಯಿಂದ ತೆಗೆದು, ಮುಖ ಸಪ್ಪಗೆ ಮಾಡಿಕೊಳ್ಳದೆ, ಮತ್ತೆ ನಿಲ್ಲಬೇಕು. ನನ್ನ ಓದು ಹತ್ತನೆಯ ಕ್ಲಾಸಿಗೆ ನಿಂತಿತು. ಇದೊಂದನ್ನು ಮಾತ್ರ ಚೆನ್ನಾಗಿ ಕಲಿತೆ. ಬೇರೆ ವಿಷಯದಲ್ಲಿ ನಾಲ್ಕು ಜನರ ಮಾತು ಕೇಳುತ್ತೇನೆ. ಗೋಲ್ ಕಾಯುವ ವಿಷಯದಲ್ಲಿ ಯಾರ ಮಾತನ್ನೂ ಕೇಳುವುದಿಲ್ಲ.

ಮದುವೆಯಾಗಿ ಅವಳು ಕಲ್ಯಾಣದುರ್ಗಕ್ಕೆ ಹೋದಳು. ನಾನು ಇಲ್ಲೇ ರವಿಕೆ ಹೊಲಿಯುತ್ತ ಉಳಿದೆ. ಎಷ್ಟೋ ವರ್ಷ ಹಬ್ಬಕ್ಕೊಂದು ಫೋನು, ಅಷ್ಟೆ. ಆಮೇಲೆ ಒಂದು ದಿನ ಅವಳ ಮೊಬೈಲಿನಲ್ಲಿ ಯುರೋಪಿನ ಹೆಂಗಸರ ಕ್ಲಬ್ ತಂಡಗಳ ಹ್ಯಾಂಡ್‌ಬಾಲ್ ಕಾಣಿಸಿತು. ಆ ಕ್ಷಣವೇ ಫೋನು ಬಂತು. "ನೋಡೆ, ನಮ್ಮ ಆಟ ಆಡ್ತಾವ್ರೆ. ಒಬ್ರ ಕೈಗೂ ಇರುವೆ ಇಲ್ಲ."

ಆ ಪಂದ್ಯಾವಳಿಯ ನಾಕೌಟ್ ಘಟ್ಟದಲ್ಲಿ ಎರಡು ತಂಡಗಳು ಎರಡು ಸಲ ಎದುರಾಗುತ್ತವೆ. ಒಂದು ಪಂದ್ಯ ಇವರ ಊರಿನಲ್ಲಿ, ಮುಂದಿನ ವಾರ ಇನ್ನೊಂದು ಅವರ ಊರಿನಲ್ಲಿ. ಎರಡೂ ಪಂದ್ಯದ ಗೋಲು ಕೂಡಿಸಿ, ಹೆಚ್ಚಿದ್ದವರು ಮುಂದಕ್ಕೆ, ಉಳಿದವರು ಮನೆಗೆ. ಗಂಗರತ್ನ ಈ ನಿಯಮವನ್ನು ನಮಗೂ ಹಾಕಿದಳು. ಮೊದಲ ಪಂದ್ಯ ನೋಡುವುದು ಹಿಂದೂಪುರದ ನನ್ನ ಮನೆಯಲ್ಲಿ, ಎರಡನೆಯದು ಕಲ್ಯಾಣದುರ್ಗದ ಅವಳ ಮನೆಯಲ್ಲಿ. ಆವತ್ತು ಯಾವ ತಂಡಕ್ಕೆ ಸ್ವಂತ ಊರೋ ಅದು ಮನೆಯವಳ ತಂಡ. ಒಟ್ಟಿನಲ್ಲಿ ಸೋತವಳು ಗೆದ್ದವಳ ಊರಿನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕು, ಸಾಕ್ಷಿಯ ಮುಂದೆ. ಸಾಕ್ಷಿ ಎಂದರೆ ಅವಳ ಗಂಡ ನಾಗರಾಜಣ್ಣ. ಆಟ ಶುರುವಾದ ಐದು ನಿಮಿಷಕ್ಕೆ ಕುರ್ಚಿಯಲ್ಲೇ ನಿದ್ದೆ ಹೋಗುತ್ತಿದ್ದ ಅವರನ್ನು ತೀರ್ಪಿಗೆ ಎಬ್ಬಿಸುತ್ತಿದ್ದೆವು.

ಇದು ಸಣ್ಣ ಶಿಕ್ಷೆ ಎಂದುಕೊಳ್ಳಬೇಡಿ. ಒಮ್ಮೆ ಸೋತಾಗ ಗಂಗರತ್ನ ಎರಡು ಲೋಟ ಟೀ ಮುಗಿಯುವವರೆಗೆ ಯೋಚಿಸಿ, "ಹಿಂದೂಪುರ ಬಿಟ್ಟು ಬರಾಕೆ ಬಸ್ಸು ಚೆನ್ನಾಗವೆ" ಎಂದಳು. ನಾಗರಾಜಣ್ಣ ಕಣ್ಣು ಮುಚ್ಚಿಕೊಂಡೇ "ಒಪ್ಪಿದೆ" ಎಂದರು.

ಕೊನೆಯ ಭಾನುವಾರ ಕ್ವಾರ್ಟರ್ ಫೈನಲಿನ ಮೊದಲ ಪಂದ್ಯ. ಹಳದಿ ಅಂಗಿಯವರು ನನ್ನವರು, ನೀಲಿಯವರು ಅವಳವರು. ಶಕುನಕ್ಕೆಂದು ಅವಳು ಬೆರಳಿಗೆ ಬೆಲ್ಲ ಉಜ್ಜಿಕೊಂಡು ಕೂತಳು. ರೆಫ್ರಿಯನ್ನು ಎಂದಿನಂತೆ ತೆಲುಗಿನಲ್ಲಿ ಬೈದಳು: "ಕಳ್ಳು ಲೇವಾ ನೀಕು?" ಕಣ್ಣಿಲ್ಲದ ರೆಫ್ರಿಗಳಿಗೆ ಕನ್ನಡ ಸಾಲದು ಎಂಬುದು ಅವಳ ನಂಬಿಕೆ. ಆದರೂ ನನ್ನವರು ಐದು ಗೋಲಿನಿಂದ ಗೆದ್ದರು. ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋಗಿ, ಪೆನುಕೊಂಡದ ಮೇಲೆ ಅವಳೂರಿಗೆ ಹೋಗುವ ಬಸ್ಸಿಗೆ ಅವಳನ್ನು ಹತ್ತಿಸಿದೆ.

"ಐದು ಗೋಲು ಕಣೆ," ಎಂದೆ.

"ಐದು ಯಾವ ಮೂಲೆಗೆ? ನಮ್ಮೂರಿಗೆ ಬಾ, ಆರು ಹೊಡೀತೀವಿ."

"ಬತ್ತೀನಿ. ಸಾಕ್ಷಿನ ಎಬ್ಬಿಸಿಟ್ಟಿರು."

"ಒಳ್ಳೆ ಮಾತು ಈಗಿಂದ್ಲೇ ಹುಡುಕ್ಕೊ. ಅಲ್ಲಿ ಬಂದು ತಡವರಿಸ್ಬೇಡ," ಎಂದು ಕಿಟಕಿಯಿಂದ ಕೈಯಾಡಿಸಿದಳು.

ಗುರುವಾರ, ಬಟ್ಟೆ ಒಣಹಾಕಲು ಮಹಡಿ ಹತ್ತಿದವಳು ಅಲ್ಲೇ ಕುಸಿದಳು. ಹೃದಯ ನಿಂತಿತ್ತು. ಭಾನುವಾರ ನಾನು ಕಲ್ಯಾಣದುರ್ಗದಲ್ಲೇ ಇದ್ದೆ, ಮಾತು ಕೊಟ್ಟಂತೆ. ಮನೆಯ ತುಂಬ ನೆಂಟರು. ಸಂಜೆ ಐದೂವರೆಗೆ, ಪಂದ್ಯ ಶುರುವಾಗುವ ಹೊತ್ತಿಗೆ, ನಾಗರಾಜಣ್ಣ ಒಮ್ಮೆ ಗಡಿಯಾರ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಇಬ್ಬರೂ ಫೋನು ಮುಟ್ಟಲಿಲ್ಲ.

ಆ ಪಂದ್ಯ ಏನಾಯಿತೆಂದು ನಾನು ಒಂದು ವರ್ಷ ತಿಳಿದುಕೊಳ್ಳಲಿಲ್ಲ. ಕಷ್ಟವೇನಾಗಲಿಲ್ಲ. ಯುರೋಪಿನ ಹೆಂಗಸರ ಹ್ಯಾಂಡ್‌ಬಾಲ್ ಫಲಿತಾಂಶವನ್ನು ಬಾಯಿತಪ್ಪಿ ಹೇಳಿಬಿಡುವವರು ಹಿಂದೂಪುರದಲ್ಲಿ ಒಬ್ಬರೂ ಇಲ್ಲ. ನೋಡಿದರೆ ಅದು ಮುಗಿದುಹೋಗುತ್ತದೆ ಎಂಬುದಷ್ಟೇ ನನ್ನ ಹೆದರಿಕೆ. ಆದರೆ ಬೆರಳಿಗೆ ಬೆಲ್ಲ ಅಂಟಿದ ದಿನ, ನಾನು ಗೋಲ್ ಬಿಟ್ಟು ಓಡಿಹೋಗಿದ್ದೇನೆ ಅನ್ನಿಸಿತು. ಅದು ನನ್ನ ಜಾಯಮಾನವಲ್ಲ. ನಾಗರಾಜಣ್ಣನಿಗೆ ಫೋನು ಮಾಡಿದೆ.

"ಅಣ್ಣ, ಒಂದು ಮ್ಯಾಚು ಬಾಕಿ ಐತೆ."

"ಗೊತ್ತು ಕಣಮ್ಮ. ನಾನೂ ನೋಡಿಲ್ಲ. ಬಾ."

ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಹೋದೆ. ಹಳೆಯ ಪಂದ್ಯದ ವಿಡಿಯೊ ಹಾಕಿಕೊಂಡು ಕೂತೆವು. ನಾಗರಾಜಣ್ಣ ಪೂರ್ತಿ ಎಚ್ಚರವಾಗಿದ್ದರು. ನೀಲಿಯವರಿಗೆ ಒಂದು ಫೌಲು ಕೊಡದಾಗ ಅವರು ಮೆಲ್ಲಗೆ "ಕಳ್ಳು ಲೇವಾ ನೀಕು" ಎಂದರು; ನಾನು ಅವರ ಕಡೆ ತಿರುಗಲಿಲ್ಲ. ಕೊನೆಯ ನಿಮಿಷದಲ್ಲಿ ನೀಲಿಯವರು ಐದು ಗೋಲು ಮುಂದಿದ್ದರು. ಎರಡೂ ಪಂದ್ಯ ಕೂಡಿಸಿದರೆ ಸಮ ಸಮ. ಆಗ ಅವರಿಗೆ ಏಳು ಮೀಟರ್ ಎಸೆತ ಸಿಕ್ಕಿತು: ಎಸೆಯುವವಳು ಒಬ್ಬಳು, ತಡೆಯುವವಳು ಒಬ್ಬಳು, ನಡುವೆ ಯಾರೂ ಇಲ್ಲ. ನನ್ನ ಗೋಲ್‌ಕೀಪರು ಅರೆಕ್ಷಣ ಮೊದಲೇ ಎಡಕ್ಕೆ ವಾಲಿದಳು. ವಾಲಬಾರದಿತ್ತು. ಚೆಂಡು ಅವಳ ಕಾಲಿಗೆ ತಗುಲಿಯೂ ಒಳಗೆ ಹೋಯಿತು.

ಆರು. ಹೊಡೆಯುತ್ತೇವೆ ಎಂದಿದ್ದಳು, ಹೊಡೆದರು.

ನಾಗರಾಜಣ್ಣ ಕಾಯುತ್ತಿದ್ದರು. ನಾನು ಎದ್ದು ನಿಂತು ಹೇಳಿದೆ, "ಕಲ್ಯಾಣದುರ್ಗದೋರು ಆಡಿದ ಮಾತು ಉಳಿಸ್ಕೊಂತಾರೆ."

ಅವರು "ಒಪ್ಪಿದೆ," ಎಂದರು. ಆಮೇಲೆ, "ತಡವರಿಸ್ದೆ ಹೇಳ್ಬುಟ್ಟೆ ಕಣಮ್ಮ."

ಇವತ್ತು ಡ್ರಾಯರನ್ನು ಬಿಸಿನೀರಿನಲ್ಲಿ ಒರೆಸಿ, ಹೊಸ ಬಟ್ಟೆಯಲ್ಲಿ ಹೊಸ ಬೆಲ್ಲ ಸುತ್ತಿಟ್ಟೆ. ಈ ವರ್ಷದ ನಾಕೌಟ್ ಮುಂದಿನ ಭಾನುವಾರ ಶುರು. ಮೊದಲ ಪಂದ್ಯ ನಮ್ಮ ಮನೆಯಲ್ಲಿ. ನೋಡಲು ಬರುತ್ತೇನೆ ಎಂದು ನಾಗರಾಜಣ್ಣ ಹೇಳಿದ್ದಾರೆ. ತಡೆಯಲು ನಾನು ಇದ್ದೇನೆ. ಎಸೆಯುವವಳು ಇಲ್ಲ.