ಬಾಣಂತಿ ಕೋಣೆಯ ಕೆಂಡ

ಅಕ್ಕ ಚೊಚ್ಚಲ ಹೆರಿಗೆಗೆಂದು ತೊಣ್ಣೂರಿನ ಹತ್ತಿರದ ನಮ್ಮ ಮನೆಗೆ ಬಂದದ್ದು ತೊಂಬತ್ತರ ದಶಕದ ಒಂದು ಚಳಿಗಾಲದಲ್ಲಿ. ನಾನಾಗ ಪಾಂಡವಪುರದಲ್ಲಿ ಪಿಯುಸಿ ಓದುತ್ತಿದ್ದೆ. ಹೆಣ್ಣು ಮಗು ಹುಟ್ಟಿತು. ಊರಿನವರ ಬಾಣಂತನಕ್ಕೂ ಹೋಗುತ್ತಿದ್ದ ಅವ್ವ ಕೋಣೆಯ ಕಿಟಕಿ ಮುಚ್ಚಿ, ಸಂದಿಗೆ ಹಳೆ ಸೀರೆ ತುರುಕಿ, ಮಂಚದ ಪಕ್ಕ ಬಾಂಡ್ಲಿ ತುಂಬ ಇದ್ದಿಲ ಕೆಂಡ ಇಟ್ಟಳು. ಅವಳ ಅವ್ವನೂ ಅವಳಿಗೆ ಹಾಗೆಯೇ ಮಾಡಿದ್ದಳಂತೆ. ಆದರೆ ಅವರದು ಸಂದಿಗಳಲ್ಲಿ ಗಾಳಿಯಾಡುವ ಹೆಂಚಿನ ಮನೆ. ನಮ್ಮದಕ್ಕೆ ಅಪ್ಪ ಹಿಂದಿನ ವರ್ಷವಷ್ಟೇ ಆರ್‌ಸಿಸಿ ತಾರಸಿ ಹಾಕಿಸಿದ್ದರು.

ಹತ್ತು ದಿನ ಕಳೆಯುವಷ್ಟರಲ್ಲಿ ಅಕ್ಕನಿಗೆ ತಲೆನೋವು, ವಾಕರಿಕೆ ಶುರುವಾಯಿತು.

"ತಲೆ ಸಿಡಿದೋಗ್ತದೆ ಕಣವ್ವ. ನೀರು ಉಯ್ಕೊಳಕ್ಕೆ ಆಚೆ ಬಂದ್ರೆ ಕಮ್ಮಿ ಆಯ್ತದೆ, ಒಳಕ್ಕೋದ್ರೆ ಮತ್ತೆ ಅಂಗೇ ಆಯ್ತದೆ."

"ಸೀತ ಕಣ್ ಮಗ ಅದು. ಬಾಣ್ತಿ ಗಾಳಿಗೆ ಮೈ ಒಡ್ಬಾರ್ದು, ಸುಮ್ಕೆ ಮಲಿಕೊ," ಎಂದ ಅವ್ವ ಬಾಂಡ್ಲಿಗೆ ಇನ್ನೊಂದಿಷ್ಟು ಇದ್ದಿಲು ಸುರಿದಳು.

ಒಂದು ಭಾನುವಾರ ಮಧ್ಯಾಹ್ನ ಅಕ್ಕನಿಗೆ ಊಟ ಕೊಡಲು ಬಾಗಿಲು ತೆರೆದೆ. ಅವಳು ಮಂಚದಿಂದ ಜಾರಿ, ಬಾಗಿಲ ಕಡೆ ಕೈಚಾಚಿ ಬಿದ್ದಿದ್ದಳು. ಮಗು ಮಲಗಿತ್ತು, ಕೆನ್ನೆ ಕೆಂಪಗಿತ್ತು. ಆ ಬಣ್ಣ ನೋಡಿ ಮಗು ಚೆನ್ನಾಗಿದೆ ಎಂದುಕೊಂಡೆ. ಅಪ್ಪನನ್ನು ಕೂಗಿ, ಇಬ್ಬರೂ ಸೇರಿ ಮೊದಲು ಅಕ್ಕನನ್ನು ಅಂಗಳಕ್ಕೆ ಎಳೆತಂದೆವು. ಮಗುವನ್ನು ಎತ್ತಿಕೊಂಡದ್ದು ಆಮೇಲೆ.

ಪಕ್ಕದ ಮನೆಯವರ ಟೆಂಪೋದಲ್ಲಿ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಕೇಳಿದ ಮೊದಲ ಪ್ರಶ್ನೆಯೇ, "ಕೋಣೇಲಿ ಕೆಂಡ ಇಟ್ಟಿದ್ರಾ?" ಅಪ್ಪ ಹೌದೆಂದು ತಲೆಯಾಡಿಸಿದರು. ಅಕ್ಕನ ಮುಖಕ್ಕೆ ಆಕ್ಸಿಜನ್ ಹಾಕುತ್ತಲೇ ಡಾಕ್ಟರಮ್ಮ ಹೇಳಿದರು: ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ವಿಷದ ಗಾಳಿ ಹುಟ್ಟುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು ಬಂದು, ಆಚೆ ಹೋದರೆ ಕಮ್ಮಿಯಾಗುವುದೇ ಅದರ ಗುರುತು. ಮಗುವಿನ ಕೆನ್ನೆಯ ಕೆಂಪೂ ಆ ವಿಷದ್ದೇ.

ಮಗು ಉಳಿಯಲಿಲ್ಲ. ನಾನು ಬಾಗಿಲು ತೆರೆದಾಗ ಅದಕ್ಕೆ ಉಸಿರಿತ್ತೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಸಂಜೆ ಅಕ್ಕನಿಗೆ ಎಚ್ಚರವಾಯಿತು. ಹಾಲು ಇಳಿದು ರವಿಕೆ ಒದ್ದೆಯಾಗಿತ್ತು.

"ಮಗೀನ ತತ್ತಾ," ಎಂದಳು.

ಅವ್ವ ಗೋಡೆಯ ಕಡೆ ತಿರುಗಿ ನಿಂತಳು. ಹೇಳಬೇಕಾದವಳು ನಾನೇ ಆದೆ.

ಅಕ್ಕ ಅವ್ವನನ್ನು ಒಂದು ದಿನವೂ ದೂರಲಿಲ್ಲ. ಅವ್ವ ಮಾತ್ರ ಮತ್ತೆಂದೂ ಯಾರ ಬಾಣಂತನಕ್ಕೂ ಹೋಗಲಿಲ್ಲ. ಕರೆಯಲು ಬಂದವರಿಗೆ ಸೊಂಟನೋವು ಎಂದು ಹೇಳಿ ಕಳಿಸುತ್ತಿದ್ದಳು.